ಕಾಣೆಯಾದ ಒಂದು ಸತೋಶಿ

ಈ ವಾರ ಎಸ್‌ಎಸ್‌ಡಿ ಬಗ್ಗೆ ಬರೆಯುತ್ತೇನೆ ಎಂದು ಹೋದ ವಾರ ಮಾತು ಕೊಟ್ಟಿದ್ದೆ. ಅದನ್ನು ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತೇನೆ. ಬಿಟ್‌ಕಾಯಿನ್ ಲೆಕ್ಕವನ್ನೆಲ್ಲ ಇಟ್ಟು ಪರೀಕ್ಷಿಸುವ ನೋಡ್ ಆಗಿ ನಾನು ಓಡಿಸುವ ಹಳೆಯ ಲ್ಯಾಪ್‌ಟಾಪ್, ಎಕ್ಸ್‌220ಗೆ 7 ಮಿಲಿಮೀಟರ್ ದಪ್ಪದ್ದೇ ಆಗಬೇಕು. ಬಿಟ್‌ಕಾಯಿನ್‌ನ ಇಡೀ ಕಡತ, ಅಂದರೆ ಬ್ಲಾಕ್‌ಚೈನ್, 600 ಜಿಬಿ ದಾಟಿ ಬಹಳ ದಿನವಾಯಿತು, ಆದ್ದರಿಂದ 1 ಟಿಬಿಗೆ ಜಿಪುಣತನ ಮಾಡದೆ 2 ಟಿಬಿ ಹಾಕಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಸಾಲದೇ ಎಂದು ಕೇಳಿದವರಿಗೆ ಉತ್ತರ: ಸಾಕು, ಎತ್ತಿನ ಗಾಡಿಯಲ್ಲೂ ಕಾಶಿಗೆ ಹೋಗಬಹುದು.

ಎಸ್‌ಎಸ್‌ಡಿ ಪುರಾಣ ಮುಗಿಯಿತು. ಇನ್ನು ಪೈ ಪಂಥದವರ ಬಾಕಿ.

ಬಿಟ್‌ಕಾಯಿನ್ ನೋಡ್ ಎಂದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಬೋರ್ಡೇ ಎಂದು ನಂಬಿರುವ ಈ ಭಕ್ತವೃಂದ ನನ್ನ ಕಪ್ಪು ಡಬ್ಬವನ್ನು ಕಂಡು ನಗುತ್ತದೆ. ನಗಲಿ. ಅವರು ಬೋರ್ಡ್ ಕೊಳ್ಳುತ್ತಾರೆ, ಆಮೇಲೆ ಅದಕ್ಕೊಂದು ಪೆಟ್ಟಿಗೆ, ಅಡಾಪ್ಟರ್, ಡಿಸ್ಕಿಗೆ ಯುಎಸ್‌ಬಿ ತಂತಿ, ಕೊನೆಗೆ ಕರೆಂಟು ಕೈಕೊಟ್ಟಾಗ ಯುಪಿಎಸ್. ನನ್ನ 2011ರ ಲ್ಯಾಪ್‌ಟಾಪ್ ಇವೆಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡೇ ಹುಟ್ಟಿದ್ದು. ಜೊತೆಗೆ ಆ ಏಳು ಸಾಲಿನ ಕೀಬೋರ್ಡ್! ಅಂಥದ್ದು ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಗುವುದೇ ಅಪರೂಪ. ಅದರ ಬಗ್ಗೆ ಶುರುಮಾಡಿದರೆ ಈ ಅಂಕಣ ಸಾಲುವುದಿಲ್ಲ. ಬ್ಯಾಟರಿ ಊದಿಕೊಂಡಿದ್ದರೆ ಮಾತ್ರ ಮೊದಲು ಅದನ್ನು ತೆಗೆದು ಹಾಕಿ. ಸರಿಯಿದ್ದರೆ ಚಾರ್ಜು 80 ಪರ್ಸೆಂಟಿಗೆ ನಿಲ್ಲುವಂತೆ ಕಟ್ಟಿಹಾಕಿ, ಮುಚ್ಚಳ ಮುಚ್ಚಿದಾಗ ಯಂತ್ರ ನಿದ್ದೆ ಹೋಗದಂತೆ ಲಿನಕ್ಸ್‌ಗೆ ತಾಕೀತು ಮಾಡಿ. ಒಮ್ಮೆ ನಾನೇ ಅತಿಬುದ್ಧಿವಂತಿಕೆಯಿಂದ ಬ್ಯಾಟರಿ ಕಿತ್ತು ಬರೀ ಅಡಾಪ್ಟರ್ ಮೇಲೆ ಓಡಿಸಿದೆ. ಮಳೆಗಾಲದ ಒಂದು ಸಂಜೆ ಕರೆಂಟು ಹೋಯಿತು, ಡೇಟಾಬೇಸ್ ಕೆಟ್ಟಿತು, 2009ರ ಮೊದಲ ಬ್ಲಾಕಿನಿಂದ ಮತ್ತೆ ಶ್ರೀಗಣೇಶ.

ಹಳೆಯ ಯಂತ್ರಕ್ಕೆ ಇಷ್ಟು ಭಾರ ಹೊರಿಸುವುದು ಸರಿಯೇ ಎನ್ನುವವರು ಮೂಲಗ್ರಂಥ ಓದಬೇಕು. 2008ರ ಅಕ್ಟೋಬರ್ 31ರಂದು ಬಿಟ್‌ಕಾಯಿನ್‌ನ ಜನಕ ಸತೋಶಿ ನಕಮೊಟೊ ಹೊರಗೆ ಬಿಟ್ಟ ಒಂಬತ್ತೇ ಪುಟದ ಪ್ರಬಂಧದ ಏಳನೆಯ ಭಾಗ ನನಗೆ ಬಹಳ ಪ್ರಿಯ. ಮಿಕ್ಕವರು ಅಲ್ಲಿ ಗಣಿತ ನೋಡುತ್ತಾರೆ, ನನಗೆ ಕಾಣುವುದು ಮನೆಯ ಖರ್ಚು ಬರೆಯುವವನ ಎಚ್ಚರ. ಒಂದು ಬ್ಲಾಕಿನ ತಲೆಬರಹ ಸುಮಾರು 80 ಬೈಟ್, ಹತ್ತು ನಿಮಿಷಕ್ಕೊಂದು ಬ್ಲಾಕ್, ಗಂಟೆಗೆ ಆರು, ದಿನಕ್ಕೆ 144. ವರ್ಷಕ್ಕೆ ಗುಣಿಸಿದರೆ 4.2 ಎಂಬಿ. ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಸಾಮಾನ್ಯ ಕಂಪ್ಯೂಟರಿನಲ್ಲಿ 2 ಜಿಬಿ ರ‍್ಯಾಮ್ ಇರುತ್ತದಲ್ಲ, ಇದೇನು ಹೊರೆಯಲ್ಲ ಎಂದು ಅಲ್ಲೇ ಲೆಕ್ಕ ಚುಕ್ತಾ. ತಲೆಬರಹ ಮಾತ್ರವಲ್ಲದೆ ಇಡೀ ಕಡತವನ್ನೇ ಹೊರುವ ನನ್ನ ಮುದುಕನಲ್ಲಿ ಇರುವುದು ಅದರ ನಾಲ್ಕು ಪಟ್ಟು, 8 ಜಿಬಿ. ಇಡೀ ಸರಪಳಿಯ ಮೊದಲ ಓದು ಮುಗಿಯುವವರೆಗೆ ನೋಡ್‌ಗೆ ಮೀಸಲಿಡುವ ಮೆಮೊರಿಯನ್ನು, ಅಂದರೆ ಡಿಬಿಕ್ಯಾಶ್ ಅನ್ನು, 4000 ಎಂಬಿಗೆ ಏರಿಸಿ ಬಿಟ್ಟೆ.

ಆ ಮೊದಲ ಓದಿನ ರುಚಿಯೇ ಬೇರೆ. 2009, 2010 ಎಲ್ಲ ಕಣ್ಣೆದುರೇ ನಿಮಿಷಗಳಲ್ಲಿ ಹಾರಿಹೋಗುತ್ತವೆ, ಬ್ಲಾಕುಗಳು ಖಾಲಿ. 2015 ದಾಟುತ್ತಿದ್ದಂತೆ ಏದುಸಿರು. ಚಿತ್ರಗಳನ್ನೂ ಕಪಿಚೇಷ್ಟೆಗಳನ್ನೂ ಸರಪಳಿಗೆ ತುರುಕಿದ 2023 ಬಂದಾಗ ಫ್ಯಾನಿನ ಸದ್ದು ಅಡುಗೆಮನೆಗೆ ಕೇಳುತ್ತದೆ. ಹಳೆಯ ಸಹಿಗಳನ್ನು ಪರೀಕ್ಷಿಸದೆ ಮುಂದೆ ಹೋಗುವ ಸೌಲಭ್ಯವನ್ನು ನೋಡ್ ನಡೆಸುವ ತಂತ್ರಾಂಶ ಬಿಟ್‌ಕಾಯಿನ್ ಕೋರ್ ತಾನಾಗಿಯೇ ಕೊಡುತ್ತದೆ. ನಾನು ಅಸ್ಯೂಮ್‌ವ್ಯಾಲಿಡ್ ಸೊನ್ನೆ ಮಾಡಿದ್ದೆ, ಪ್ರತಿ ಸಹಿಯನ್ನೂ ನೋಡು ಎಂದು. ಆರನೆಯ ದಿನ ಮುಗಿಯಿತು.

ಮುಗಿದ ಮೇಲೆ ಒಂದು ಆಜ್ಞೆ ಕೊಟ್ಟೆ: ಗೆಟ್‌ಟಿಎಕ್ಸ್‌ಔಟ್‌ಸೆಟ್‌ಇನ್ಫೋ. ಲೋಕದಲ್ಲಿ ಈ ಕ್ಷಣ ಎಷ್ಟು ಬಿಟ್‌ಕಾಯಿನ್ ಇದೆ ಎಂದು ಯಾರನ್ನೂ ಕೇಳದೆ ಎಣಿಸಿ ಹೇಳು ಎಂದರ್ಥ. ಅದು ಎಣಿಸುತ್ತಿದ್ದಾಗ ನಾನು ಲಕೋಟೆಯ ಹಿಂದೆ ಕೈಲೆಕ್ಕ ಹಾಕಿದೆ. ಬ್ಲಾಕ್ ಹುಡುಕಿದ ಗಣಿಗಾರನಿಗೆ ಹೊಸ ಬಿಟ್‌ಕಾಯಿನ್ ಆಗಿ ಸಿಗುವ ಇನಾಮು 2,10,000 ಬ್ಲಾಕಿಗೊಮ್ಮೆ ಅರ್ಧವಾಗುತ್ತದೆ: 50, 25, 12.5, 6.25. 2024ರ ಏಪ್ರಿಲ್‌ನಲ್ಲಿ 8,40,000ನೆಯ ಬ್ಲಾಕ್ ಬರುವ ಹೊತ್ತಿಗೆ 1,96,87,500. ಅಲ್ಲಿಂದ ಈಚೆಗೆ ಬ್ಲಾಕಿಗೆ 3.125. ಕೂಡಿದೆ. ಯಂತ್ರದ ಉತ್ತರ ಬಂತು. ತಾಳೆಯಾಗಲಿಲ್ಲ, ನನ್ನದೇ ಹೆಚ್ಚು!

ತಪ್ಪು ನನ್ನದಲ್ಲ, ಯಂತ್ರದ್ದೂ ಅಲ್ಲ. ಮೊಟ್ಟಮೊದಲ ಬ್ಲಾಕಿನ 50 ಖರ್ಚು ಮಾಡಲು ಬಾರದ್ದು, ಯಂತ್ರ ಎಣಿಸುವ ಪಟ್ಟಿಯಲ್ಲೇ ಇಲ್ಲ. 2010ರ ನವೆಂಬರ್‌ನಲ್ಲಿ ಎರಡು ಇನಾಮುಗಳು ಹಿಂದಿನವುಗಳ ಗುರುತನ್ನೇ ಹೊತ್ತು ಬಂದು ಅವುಗಳ ಮೇಲೆ ಕೂತವು, ನೂರು ಮಾಯ. 2017ರ ಡಿಸೆಂಬರ್‌ನಲ್ಲಿ 5,01,726ನೆಯ ಬ್ಲಾಕ್ ಹುಡುಕಿದ ಪುಣ್ಯಾತ್ಮ ತನ್ನ 12.5 ಅನ್ನು ಬರೆದುಕೊಳ್ಳಲೇ ಇಲ್ಲ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು 2011ರ 1,24,724ನೆಯ ಬ್ಲಾಕ್. ಅದನ್ನು ಹುಡುಕಿದವನು 50 ತೆಗೆದುಕೊಳ್ಳಬಹುದಿತ್ತು, 49.99999999 ಬರೆದ. ಬಿಟ್‌ಕಾಯಿನ್‌ನ ಅತಿ ಚಿಕ್ಕ ಚೂರಾದ ಆ ಒಂದು ಸತೋಶಿ ಹುಟ್ಟಲೇ ಇಲ್ಲ, ಇನ್ನು ಹುಟ್ಟುವುದೂ ಇಲ್ಲ.

ನಿಯಮ ಇರುವುದೇ ಹಾಗೆ. ಕಡಿಮೆ ತೆಗೆದುಕೊಂಡರೆ ಯಾರೂ ಕೇಳುವುದಿಲ್ಲ. ಒಂದೇ ಒಂದು ಸತೋಶಿ ಹೆಚ್ಚು ಬರೆದುಕೊಂಡರೆ ನನ್ನ ಮುದುಕ ಆ ಇಡೀ ಬ್ಲಾಕನ್ನೇ ಬಾಗಿಲಲ್ಲಿ ತಡೆಯುತ್ತಾನೆ, ತಂದವನು ಎಷ್ಟೇ ದೊಡ್ಡ ಗಣಿಗಾರನಾಗಿರಲಿ. 2010ರ ಆಗಸ್ಟ್‌ನಲ್ಲಿ ತಂತ್ರಾಂಶದ ಒಂದು ತೂತಿನಿಂದ 18,400 ಕೋಟಿಗೂ ಹೆಚ್ಚು ಬಿಟ್‌ಕಾಯಿನ್ ಹುಟ್ಟಿಸಿದ್ದ ಬ್ಲಾಕ್ ನನ್ನ ಡಿಸ್ಕಿನಲ್ಲಿ ಇಲ್ಲ. ತೂತು ಮುಚ್ಚಿದವರು ಅಂದೇ ಆ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿದರು. "ನೋಡ್‌ನಿಂದ ತಿಂಗಳಿಗೆ ಎಷ್ಟು ಬರುತ್ತೆ ಸಾರ್?" ಎಂದು ಇನ್ನೂ ಕೇಳುವ ಓದುಗರೇ, ಈ ಕಾವಲಿಗೆ ಒಂದು ಪೈಸೆಯೂ ಬರುವುದಿಲ್ಲ. ಹಾಗಾಗಿ ಕ್ರಿಪ್ಟೋ ಆದಾಯದ ಮೇಲಿನ 30 ಪರ್ಸೆಂಟ್ ತೆರಿಗೆಯ ತಲೆನೋವೂ ಇಲ್ಲ.

ಇದನ್ನು ಬರೆಯುವ ಮೊದಲು ಇನ್ನೊಮ್ಮೆ ಎಣಿಸೋಣವೆಂದು ಅದೇ ಆಜ್ಞೆ ಕೊಟ್ಟೆ. ನಡುವೆ ಕರೆಂಟು ಹೋಯಿತು. ದೀಪ ಆರಿತು, ರೌಟರ್ ಕಣ್ಣು ಮುಚ್ಚಿತು, ಇಂಟರ್ನೆಟ್ ಇಲ್ಲ. ಎಣಿಕೆಗೆ ಇಂಟರ್ನೆಟ್ ಬೇಕಾಗಿಯೂ ಇಲ್ಲ. ಕತ್ತಲಲ್ಲಿ ಡಿಸ್ಕಿನ ಹಸಿರು ಚುಕ್ಕೆಯೊಂದೇ ಮಿಣುಕುತ್ತಿತ್ತು. ನಾನು ಮೊಂಬತ್ತಿ ಹುಡುಕಿ ತರುವಷ್ಟರಲ್ಲಿ ಮೊತ್ತ ಪರದೆಯ ಮೇಲೆ ಬಂದಿತ್ತು.