ನೆರೆಗೆ ಕಟ್ಟದ ಲೆಕ್ಕ ಹೊಂದೀತೆ?

ಪ್ರಯೋಜನ ಪಡೆಯುವವರೇ ಖರ್ಚು ಕೊಡಲಿ ಎಂಬ ಸೂತ್ರಕ್ಕೆ ಅದರ ಯೋಗ್ಯತೆ ಮೀರಿದ ಮರ್ಯಾದೆ ಸಿಕ್ಕಿದೆ. ನದಿದಂಡೆಯ ತಡೆಗೋಡೆ, ಅಗಲಿಸಿದ ತೋಡು ಎಲ್ಲಕ್ಕೂ ಅಕ್ಕಪಕ್ಕದ ಆಸ್ತಿದಾರರಿಂದ ವಂತಿಗೆ ಎತ್ತಿದರೆ ಸರ್ಕಾರದ ಬಾಗಿಲು ಕಾಯಬೇಕಿಲ್ಲ ಎಂಬುದು ಅದರ ಭಕ್ತರ ವಾದ. ದಕ್ಷಿಣ ಕನ್ನಡದ ರಾಮಕುಂಜದ ಆಸುಪಾಸಿನಲ್ಲಿ ಇದು ಸುಲಭವಾಗಿ ರುಚಿಸುತ್ತದೆ. ಈ ಸೀಮೆಯ ತೋಟದವರು ಬೇಸಗೆಯ ನೀರಿಗಾಗಿ ತೋಡಿಗೆ ಕಟ್ಟ ಕಟ್ಟಿ, ಅದರ ಖರ್ಚು ಹಂಚಿಕೊಂಡು ಬಲ್ಲವರು.

ಆದರೆ ಕಟ್ಟದ ಹಂಚಿಕೆ ನಡೆಯುವುದು ಹೇಗೆ? ಮಳೆ ಬಿಟ್ಟ ಮೇಲೆ ಕಲ್ಲು, ಮಣ್ಣು, ಅಡಿಕೆ ಮರ ಸೇರಿಸಿ ತೋಡಿಗೆ ಅಡ್ಡ ಹಾಕುತ್ತಾರೆ. ಹಣವನ್ನೋ ಆಳನ್ನೋ ತೋಟದವರೇ ಹೊಂದಿಸುತ್ತಾರೆ. ನೀರು ಎಲ್ಲಿಯವರೆಗೆ ನಿಂತಿತು, ಯಾರ ಬಾವಿ ಏರಿತು ಎಂಬುದು ಎಲ್ಲರ ಕಣ್ಣೆದುರಿಗಿದೆ. ಪಾಲು ಕೊಡದವನು ಮುಂದಿನ ಜಂಬರದಲ್ಲಿ ಅದೇ ನೆರೆಕರೆಯವರಿಗೆ ಮುಖ ತೋರಿಸಬೇಕು. ಎಂಜಿನಿಯರ್ ವರದಿ ಬೇಕಿಲ್ಲ.

ನೆರೆಯಲ್ಲಿ ಇದ್ಯಾವುದೂ ಇಲ್ಲ. ಕುಮಾರಧಾರೆ ಉಕ್ಕುವುದು ಘಟ್ಟದ ಮಳೆಗೆ. ಉಪ್ಪಿನಂಗಡಿಯಲ್ಲಿ ಅದು ಸೇರುವ ನೇತ್ರಾವತಿಯೂ ತುಂಬಿದ್ದರೆ ಏನಾಗುತ್ತದೆಂದು 1923, 1974ರ ನೆರೆಗಳು ತೋರಿಸಿವೆ. ಒಂದು ದಡಕ್ಕೆ ಗೋಡೆ ಎದ್ದರೆ ನೀರು ಎದುರು ದಡ ಕೊರೆಯಬಹುದು. ಆಚೆಯವನು ಪಾಲು ಕೊಡಬೇಕೋ, ಪರಿಹಾರ ಪಡೆಯಬೇಕೋ? ಕಿಂಡಿ ಅಣೆಕಟ್ಟಿಗೆ ಮರಮಟ್ಟು ಸಿಕ್ಕಿ ಮೇಲಿನ ತೋಟ ಮುಳುಗಿದರೆ, ಬೇಸಗೆಯಲ್ಲಿ ಅದರ ನೀರುಂಡವರ ಪಾಲೆಷ್ಟು? ಹೊಸ್ಮಠದ ಹಳೆಯ ಮುಳುಗು ಸೇತುವೆಯ ಮೇಲೆ ಗುಂಡ್ಯ ಹೊಳೆ ಹರಿದಾಗಲೆಲ್ಲ ಉಪ್ಪಿನಂಗಡಿ–ಕಡಬ ಬಸ್ಸು ನಿಲ್ಲುತ್ತಿತ್ತು. ಎತ್ತರದ ಹೊಸ ಸೇತುವೆಯ ಲಾಭವನ್ನು ದಡದ ನಾಲ್ಕು ಮನೆಗಳ ಲೆಕ್ಕಕ್ಕೆ ಬರೆಯಲಾದೀತೇ?

ಲಾಭ ಅಳೆಯುವ ಈ ಲೆಕ್ಕಕ್ಕೆ ಕ್ಯಾಲಿಫೋರ್ನಿಯಾ ಕಾನೂನನ್ನೇ ಮಾಡಿಕೊಂಡಿತು. 1996ರ ಪ್ರಪೊಸಿಷನ್ 218ರ ಪ್ರಕಾರ ಆಸ್ತಿಗೆ ಆಗುವ ವಿಶೇಷ ಲಾಭವನ್ನು ಸಾರ್ವಜನಿಕ ಲಾಭದಿಂದ ಎಂಜಿನಿಯರ್ ಬೇರ್ಪಡಿಸಬೇಕು; ವಂತಿಗೆ ಬೇಕೋ ಬೇಡವೋ ಎಂದು ಆಸ್ತಿದಾರರು ಹಾಕುವ ಮತದ ತೂಕ ಅವರು ಕೊಡಬೇಕಾದ ಹಣಕ್ಕೆ ತಕ್ಕಂತೆ. ದೊಡ್ಡ ಆಸ್ತಿ, ದೊಡ್ಡ ಮತ. ಭಕ್ತರು ಈ ಪುಟವನ್ನು ಬೇಗ ತಿರುವಿಹಾಕುತ್ತಾರೆ.

ಸೂತ್ರಕ್ಕೆ ಗುಣವೇ ಇಲ್ಲವೆಂದಲ್ಲ: ಎತ್ತಿದ ಹಣ ಊರಲ್ಲೇ ಉಳಿಯುತ್ತದೆ. ಅಷ್ಟು ಒಪ್ಪೋಣ.

ಎದುರು ಪಾಳೆಯದ ಪಂಡಿತರೂ ಕಡಿಮೆಯಿಲ್ಲ. ಅವರು ನರಗುಂದ–ನವಲಗುಂದದ ಕಡೆ ಬೆರಳು ಮಾಡಿ, ರೈತ ಕೊಡುವವನೇ ಅಲ್ಲ ಎನ್ನುತ್ತಾರೆ. ಇಂಥ ಸೋಮಾರಿ ಓದು ಇನ್ನೊಂದಿಲ್ಲ. ಅಲ್ಲಿನ ಮಲಪ್ರಭಾ ಅಚ್ಚುಕಟ್ಟಿನಲ್ಲಿ, ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಹಾಕುವ ಬೆಟರ್‌ಮೆಂಟ್ ಲೆವಿಯ ಬೇಡಿಕೆ ನೀರು ಸರಿಯಾಗಿ ತಲುಪದ ಹೊಲಗಳಿಗೂ ಬಂತು. ಗುಂಡೂರಾವ್ ಸರ್ಕಾರದ ಕಾಲದಲ್ಲಿ, 1980ರ ಜುಲೈ 21ರಂದು, ಅದನ್ನು ವಿರೋಧಿಸಿದವರ ಮೇಲೆ ನಡೆದ ಗೋಲಿಬಾರಿನಲ್ಲಿ ರೈತರು ಸತ್ತರು. ಕಾಣದ ಲಾಭಕ್ಕೆ ಬಿಲ್ಲು ಬರೆದರೆ ಏನಾಗುತ್ತದೆಂಬುದಕ್ಕೆ ಅದು ಸಾಕ್ಷಿ. ರೈತನ ಜಿಪುಣತನಕ್ಕೆ ಸಾಕ್ಷಿ ಬೇಕಾದವರು ಕಟ್ಟಗಳ ಊರಿಗೆ ಬಂದು ಹುಡುಕಲಿ.

ಎರಡೂ ಪಾಳೆಯ ಮರೆತದ್ದು ನೀರನ್ನು ಕೆಳಕ್ಕೆ ಕಳಿಸುವವರನ್ನು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ರೈನ್‌ಬೋ ಡ್ರೈವ್ ಬಡಾವಣೆ ಮುಳುಗಿದಾಗ ಆ ನೀರೆಲ್ಲ ಅಲ್ಲೇ ಬಿದ್ದ ಮಳೆಯದಲ್ಲ. ಮೇಲಿನ ಕೆರೆ, ಕಾಲುವೆ, ಕಾಂಕ್ರೀಟು ದಾಟಿ ಬಂದದ್ದು. ಜರ್ಮನಿಯ ಎಷ್ಟೋ ಊರುಗಳು ಮಳೆನೀರಿನ ಶುಲ್ಕವನ್ನು ಇಂಗದಂತೆ ಮುಚ್ಚಿದ ನೆಲದ ಅಳತೆಯ ಮೇಲೆ ಹಾಕುತ್ತವೆ. ನಮ್ಮ ಪಂಚಾಯತಿನ ಮನೆ ತೆರಿಗೆಯ ಜತೆ ಗ್ರಂಥಾಲಯ ಕರವಿದೆ, ಭಿಕ್ಷುಕರ ಕರವೂ ಇದೆ. ಇಂಟರ್‌ಲಾಕ್ ಹಾಸಿದ ಅಂಗಳಕ್ಕೆ, ಜೆಸಿಬಿಯಿಂದ ಸಮತಟ್ಟು ಮಾಡಿದ ಗುಡ್ಡಕ್ಕೆ ಆ ರಸೀದಿಯಲ್ಲಿ ಇನ್ನೂ ಒಂದು ಕಾಲಂ ಇಲ್ಲ.