ಗೋಡೆಯ ಮೇಲಿನ ಪ್ಯಾನೆಲ್

ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಮುರಿದುಬಿದ್ದರೆ ಮಲೆನಾಡಿನ ಹಾನುಬಾಳು, ಹೆತ್ತೂರು ಕಡೆ ಕರೆಂಟು ಮತ್ತೆ ಬರುವುದು ಯಾವಾಗಲೋ. ಎಸ್ಟೇಟು, ಹೋಂಸ್ಟೇಗಳಲ್ಲಿ ಜನರೇಟರ್ ಸದ್ದು ಎಲ್ಲರಿಗೂ ಕೇಳುತ್ತದೆ. ನನಗಿಷ್ಟ ಅದರ ಪಕ್ಕದ ಗೋಡೆಯ ಆಟೋಮ್ಯಾಟಿಕ್ ಚೇಂಜ್‌ಓವರ್ ಪ್ಯಾನೆಲ್. ಲೈನು ಹೋದ ಕೂಡಲೇ ಅದು ಗಾಬರಿಬೀಳುವುದಿಲ್ಲ. ಕೆಲವು ಸೆಕೆಂಡು ತಡೆದು ನೋಡಿ ಎಂಜಿನ್ ಸ್ಟಾರ್ಟ್ ಮಾಡುತ್ತದೆ. ವೋಲ್ಟೇಜು, 50 ಹರ್ಟ್ಸ್ ನೆಲೆನಿಂತ ಮೇಲಷ್ಟೇ ಲೋಡು ಹೊರಿಸುತ್ತದೆ. ಎರಡು ಜನರೇಟರ್ ಕೂಡಿ ದುಡಿಯುವ ದೊಡ್ಡ ರೆಸಾರ್ಟಿನಂಥ ಕಡೆ ಕೆಲಸ ಇನ್ನೂ ನಾಜೂಕು: ವೋಲ್ಟೇಜು, ಫ್ರೀಕ್ವೆನ್ಸಿ, ಫೇಸ್ ಮೂರೂ ಜೋಡೆತ್ತಿನ ಹೆಜ್ಜೆಯಂತೆ ಹೊಂದದೆ ಬ್ರೇಕರ್ ಕೂಡಿಕೊಳ್ಳದು. ಲೋಡು ಇಳಿದರೆ ಪ್ಯಾನೆಲ್ಲೇ ಒಂದು ಜನರೇಟರ್ ನಿಲ್ಲಿಸಿ ಡೀಸೆಲ್ ಉಳಿಸುತ್ತದೆ. ಎಲ್ಲಕ್ಕಿಂತ ದೊಡ್ಡದು, ಹೊರಗಿನ ಲೈನು ಮತ್ತು ಜನರೇಟರ್ ಒಟ್ಟಿಗೆ ಕೂಡಲು ಬಿಡದ ಇಂಟರ್‌ಲಾಕ್. ಜನರೇಟರ್ ಕರೆಂಟು ಹೊರಗಿನ ತಂತಿಗೆ ಹಿಮ್ಮುಖವಾಗಿ ನುಗ್ಗಿದರೆ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಅಪಾಯ. ಕೈಯಿಂದ ಎಳೆಯುವ ಹಳೇ ಚೇಂಜ್‌ಓವರ್ ಸ್ವಿಚ್ಚಿಗೂ ಈ ಗುಣವಿತ್ತು, ನಿಜ. ಆದರೆ ನಡುರಾತ್ರಿ ಜಿಗಣೆ ತುಳಿದು ಶೆಡ್ಡಿಗೆ ಯಾರು ಹೋಗಬೇಕಿತ್ತು?