ನಡುಗುವ ಎಳ್ಳು

ಕ್ಯೋಟೋದಲ್ಲಿ ಇದ್ದದ್ದು ಎರಡೇ ದಿನ. ಅರಾಶಿಯಾಮಾದ ತೆನ್ರ್ಯೂಜಿ ಝೆನ್ ದೇವಾಲಯದ ಶಿಗೆತ್ಸು ಭೋಜನಶಾಲೆಯಲ್ಲಿ ಚಾಪೆಯ ಮೇಲೆ ಕೂತೆವು. ಮೀನಿಲ್ಲ, ಹಾಲಿಲ್ಲ, ನಮ್ಮ ಮಡಿ ಅಡುಗೆಯಂತೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ.

ನಾನು ಮನಸೋತದ್ದು ಎಳ್ಳಿನ ತೋಫುವಿಗೆ. ಹೆಸರಷ್ಟೇ ತೋಫು, ಒಳಗೆ ಸೋಯಾ ಕಾಳೇ ಇಲ್ಲ! ಒಳಮೈಯೆಲ್ಲ ಗೀರುಗಳಿರುವ ಮಣ್ಣಿನ ಬಟ್ಟಲಲ್ಲಿ ಎಳ್ಳನ್ನು ಎಣ್ಣೆ ಬಿಡುವವರೆಗೆ ಅರೆದು, ಕುಜು ಬಳ್ಳಿಯ ಬೇರಿನ ಹಿಟ್ಟು, ನೀರು ಬೆರೆಸಿ, ಒಲೆಯ ಮೇಲೆ ಕೈಬಿಡದೆ ಮಗುಚಬೇಕು. ಬೇಗ ಇಳಿಸಿದರೆ ಹಸಿಹಿಟ್ಟು, ತಡವಾದರೆ ತಳ ಸೀದ ವಾಸನೆ. ಹಾಲುಬಾಯಿ ಮಗುಚಿದವರಿಗೆ ಆ ತೋಳುನೋವು ಗೊತ್ತು. ತಣಿದ ತೋಫು ಊಟದ ಕಡ್ಡಿ ತಾಗಿದರೆ ನಡುಗುತ್ತದೆ, ಮುರಿಯುವುದಿಲ್ಲ. ನಾಲಿಗೆಗೆ ಮೊದಲು ಬರೀ ತಂಪು. ಆಮೇಲೆ, ಬಲು ನಿಧಾನಕ್ಕೆ, ಎಳ್ಳಿನ ಘಮ.

ಸಾರಿನ ರುಚಿಗೆ ಕೊಂಬು ಕಡಲಕಳೆ, ಒಣ ಶಿಟಾಕೆ ಅಣಬೆ. ಬಟ್ಟಲೆತ್ತಿ ಕೊನೆಯ ಹನಿಯವರೆಗೂ ಕುಡಿದೆ.